ಕಾಲಿಗೆ ಕೊಟ್ಟ ನೀರು

ಸುಗ್ಗಿ ಭರದಲ್ಲಿತ್ತು. ಮನೆ ಮುಂದಿನ ಕಣದಲ್ಲಿ ಜೋಳ ತೂರುತ್ತಿದ್ದರು. ಮಗನಿಗೆ ಹೆಣ್ಣು ನೋಡಲು ಬಂದ ಚನ್ನಬಸವ್ವ ಕಾರಿನಿಂದ ಇಳಿದು, ಮೂಗಿಗೆ ಸೆರಗು ಹಿಡಿದು, ಹೊಟ್ಟಿನ ಧೂಳು ತುಳಿಯುತ್ತ ಬಾಗಿಲಿಗೆ ಬಂದಳು. ಹುಡುಗಿ ದಾನಮ್ಮ ಕಾಲು ತೊಳೆಯಲು ಚೊಂಬಿನಲ್ಲಿ ನೀರು ಕೊಟ್ಟಳು.

"ಅತ್ತ ಇಡು. ಕಾರಿನಾಗ ಬಂದಾಕಿಗೆ ಇದೆಲ್ಲ ಯಾಕ?"

ಚಪ್ಪಲಿ ಕಳಚಿ ಒಳಗೆ ನಡೆದಳು. ಬೆಳಗಿನಿಂದ ಮಂಡಿಯೂರಿ, ಕುಸುಬಿ ಎಣ್ಣೆ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿ ದಾನಮ್ಮ ಪಡಸಾಲೆಯ ಶಹಾಬಾದಿ ಕಲ್ಲನ್ನು ಕನ್ನಡಿ ಮಾಡಿದ್ದಳು. ಹಿಂದಿನ ಎರಡು ಸಂಬಂಧ ತಪ್ಪಿದ್ದವು. ಇದಾದರೂ ಕೂಡಲೆಂದು ತಂದೆ ಕಂಡ ದೇವರಿಗೆಲ್ಲ ಕೈಮುಗಿದಿದ್ದ.

"ಎಣ್ಣಿ ಕುಡಿಸಿದರ ಪರಸಿ ಕಲ್ಲು ಗ್ರಾನೈಟ್ ಆಗತೈತೇನು?" ಎನ್ನುತ್ತ ಚನ್ನಬಸವ್ವ ದೇವರ ಮನೆಯವರೆಗೂ ಹೋದಳು. ಮೂಲೆಮೂಲೆಗೆ ಬೆರಳಾಡಿಸಿದಳು. ಬೆರಳಿಗೆ ಏನೂ ಹತ್ತಲಿಲ್ಲ. ಬೇಸರದಿಂದ ಹಿಂದಿರುಗಿ ನೋಡಿದಾಗ, ಬಾಗಿಲ ಬೆಳಕಿನಲ್ಲಿ ಬೇಕಾದದ್ದು ಸಿಕ್ಕಿತು.

"ಬರ್ರಿ, ನೋಡ್ರಿ. ಹೊಸ್ತಿಲದಿಂದ ಇಲ್ಲೀತನಕ ಹೊಲಸು ಹೆಜ್ಜಿ. ಎಮ್ಮಿ ಹಾದಂಗ ಐತಿ. ಯಾರವು ಇವು?"

ಬಂದ ಬೀಗರಿಗೆ ಎದುರಾಡಬಾರದೆಂದು ತಂದೆ ತಲೆ ತಗ್ಗಿಸಿದ.

"ಹೇಳಾಕ ನಾಚಿಕಿ, ಅಲ್ಲ? ಕಾಲು ತೊಳಿಯದೆ ದೇವರ ಮುಂದ ನಿಲ್ಲೋ ಮಂದಿ. ಇಂಥವರ ಕೂಡ ಸಂಬಂಧ ಯಾರು ಮಾಡತಾರ?"

ದಾನಮ್ಮ ಬಾಗಿಲಿಗೆ ಹೋಗಿ ಅದೇ ಚೊಂಬು ತಂದಳು. ಹೆಜ್ಜೆಗಳ ಪಕ್ಕದಲ್ಲೇ ನಡೆದು ಬಂದು, ಅವು ಮುಗಿದಲ್ಲಿ, ಚನ್ನಬಸವ್ವನ ಪಾದದ ಬುಡದಲ್ಲಿ ಇಟ್ಟಳು.

"ನಾನಂತೂ ಮಾಡೂದಿಲ್ರಿ."