ರಬ್ಬರ್ ಸಿಗಡಿ

ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ ಅಪ್ಪ ಹಿಡಿದಿದ್ದ ಗಾಳದ ಕೋಲಿನ ತುದಿ ನಡುಗುತ್ತಿತ್ತು. ಕೈ ಬಿಗಿಮಾಡಿದಷ್ಟೂ ಹೆಚ್ಚು ಅದುರಿತು. ಕೆಳಗಿಡೋಣವೆಂದರೆ ಹಿಂದೆ ಬಲೆಗಳ ರಾಶಿ, ಮುಂದೆ ಮಗಳು. ಅವರ ಸ್ಕೂಟರ್ ಕೀಯನ್ನು ಅವಳು ಹೋದ ತಿಂಗಳೇ ಎತ್ತಿಟ್ಟಿದ್ದಳು; ಕೈನಡುಕವೂ ಗೊತ್ತಾದರೆ ಕಡಲ ದಂಡೆಗೆ ಹೋಗುವುದೂ ನಿಂತು, ಮನೆಯ ನಾಲ್ಕು ಗೋಡೆಯೇ ಗತಿ. ಅವಳು ಫೋನಿನಿಂದ ತಲೆಯೆತ್ತಿದಳು.

"ಅಪ್ಪಾ, ಅದ್ಯಾಕೆ ಹಾಗೆ ಅಲ್ಲಾಡ್ತಿದೆ?"

ಅಂಗಡಿಯಾಕೆ ಎದ್ದು ಬಂದು ಆ ದಪ್ಪ ಕೋಲನ್ನು ಮೆಲ್ಲಗೆ ತೆಗೆದುಕೊಂಡು, ತೆಳ್ಳಗಿನ ಹಗುರ ಕೋಲೊಂದನ್ನು ಅವರ ಕೈಗಿಟ್ಟಳು. ಅದರ ತುದಿಯೂ ನಡುಗಿತು. ದಾರದಲ್ಲಿ ಎರೆಯಾಗಿ ತೂಗುತ್ತಿದ್ದ ರಬ್ಬರ್ ಸಿಗಡಿ ಜೀವ ಬಂದಂತೆ ಕುಣಿಯಿತು.

"ನೋಡಮ್ಮಾ, ಸುಮ್ನೆ ಬಿದ್ದಿರೋ ಸಿಗಡಿನ ದಡದ ಮೀನು ಮೂಸೋದೂ ಇಲ್ಲ. ಹೀಗೆ ಕುಣಿಸೋಕೆ ಜನ ವರ್ಷಗಟ್ಟಲೆ ಒದ್ದಾಡ್ತಾರೆ. ಯಜಮಾನರದ್ದು ಪಳಗಿದ ಕೈ. ಅವರಿಗೆ ಈ ಹಗುರದ್ದೇ ಸರಿ."

ಮಗಳು ಅಪ್ಪನ ಮಣಿಕಟ್ಟನ್ನೇ ಬಹಳ ಹೊತ್ತು ನೋಡಿದಳು. ಫೋನನ್ನು ಚೀಲಕ್ಕೆ ಹಾಕಿ ಅವಳು ಅಂಗಡಿಯಾಕೆಯ ಕಡೆ ತಿರುಗಿದಳು.

"ಇಂಥದ್ದೇ ಎರಡು ಕೊಡಿ. ನನಗೂ ಕಲಿಸ್ಲಿ ಇವರು."