ಆಲೆಮನೆಯೊಳಗಿನ ದನಿ

ದೊರೆ ಸ್ಕಾಟ್ಲೆಂಡಿನಿಂದ ಜಮೈಕಾದ ಕಬ್ಬಿನ ತೋಟಕ್ಕೆ ಬಂದಿಳಿದು ಮೂರು ದಿನವಾಗಿತ್ತು. ಇಪ್ಪತ್ತೈದು ವರ್ಷ ಈ ತೋಟವನ್ನು ಆಳಿ, ಮದುವೆಯಾಗದೆ ಜ್ವರದಲ್ಲಿ ಸತ್ತ ತಮ್ಮನ ಆಸ್ತಿಯನ್ನು ಗುಲಾಮರ ಸಮೇತ ಮಾರಿ ಹಿಂತಿರುಗುವುದಷ್ಟೇ ಅವನ ಕೆಲಸ. ಆದರೆ ಮೂರೂ ದಿನ, ಹಾಡುಹಗಲೇ, ಆಲೆಮನೆಯ ಹೊಗೆಯೊಳಗಿಂದ ತಮ್ಮನ ದನಿ ಕೇಳಿತು. ಅದೇ ಗೊಗ್ಗರು, ಮಾತಿನ ಕೊನೆಗೆ ಅದೇ ಗೊರಕೆಯಂಥ ನಗು.

ಸತ್ತವರ ದನಿ ಕೇಳಿದ ಮನೆಯಲ್ಲಿ ಉಣ್ಣಬಾರದೆಂದು ಅವನ ತಾಯಿ ಹೇಳುತ್ತಿದ್ದಳು. ದೊರೆ ಊಟ ಬಿಟ್ಟ.

"ದೆವ್ವವೂ ಇಲ್ಲ, ಮಣ್ಣಾಂಗಟ್ಟಿಯೂ ಇಲ್ಲ ಸ್ವಾಮಿ," ಹೊಸ ಮೇಲ್ವಿಚಾರಕ ನಕ್ಕ. "ಅಣಕಿಸೋದ್ರಲ್ಲಿ ಈ ಜನ ಎತ್ತಿದ ಕೈ. ನಾನು ಬಂದು ತಿಂಗಳಾಗಿಲ್ಲ, ಆಗಲೇ ನನ್ನ ಕುಂಟು ನಡಿಗೆ ಮಾಡಿ ತೋರಿಸ್ತಾರೆ. ಇರಿ, ಕಳ್ಳನ್ನ ಹಿಡಿದು ತರ್ತೀನಿ."

ಹಿಡಿದು ತಂದ. ಕೊಪ್ಪರಿಗೆಯಲ್ಲಿ ಪಾಕ ಮಗುಚುವ ಗುಲಾಮ ಕ್ವಾಕೊ. ಅವನ ಹಿಂದೆಯೇ ಬಂಗಲೆಯ ಅಡಿಗೆಯವಳಾದ ಅವನ ತಾಯಿ ಓಡಿಬಂದು ಬಾಗಿಲಲ್ಲಿ ನಿಂತಳು.

"ಸತ್ತವನನ್ನ ಅಣಕಿಸ್ತೀಯೇನೋ?" ದೊರೆ ಗುಡುಗಿದ. "ನಾಳೆ ಹರಾಜಿನಲ್ಲಿ ಮೊದಲು ನಿನ್ನನ್ನೇ ನಿಲ್ಲಿಸ್ತೀನಿ. ಬೇರೆ ದ್ವೀಪದವನಿಗೇ ಮಾರ್ತೀನಿ. ನಿನ್ನ ತಾಯಿ ಮುಖ ಇನ್ನು ನೋಡಲ್ಲ ನೀನು!"

ದೊರೆ ಒಂದು ಹೆಜ್ಜೆ ಮುಂದೆ ಬಂದ.

"ಆಟ ಸಾಕು. ನಿನ್ನ ಸ್ವಂತ ದನೀಲಿ ಮಾತಾಡು, ಕೇಳೋಣ."

ಕ್ವಾಕೊ ತಾಯಿಯ ಕಡೆ ನೋಡಿದ. ಅವಳು ಕಣ್ಣುಮುಚ್ಚಿ, ಹೇಳು ಎಂಬಂತೆ ತಲೆಯಾಡಿಸಿದಳು.

"ನನಗಿರೋದು ಇದೊಂದೇ ದನಿ, ದೊಡ್ಡಪ್ಪ."