ತುಪ್ಪದ ಅನುಮಾನ

ಸೂಗಪ್ಪ ಎಸೆದ ಚೊಂಬು ಹೆಂಡತಿ ಶರಣಬಸಮ್ಮನ ಹುಬ್ಬು ಸೀಳಿತು. "ದಸರಾದಿಂದ ತುಪ್ಪ ಮುಟ್ಟಿಲ್ಲ, ಆದ್ರೂ ಕೊಲೆಸ್ಟ್ರಾಲ್ ಇಳಿದಿಲ್ಲ. ಅಡಿಗ್ಯಾಗ ಕದ್ದು ಹಾಕಾಕತ್ತೀಯೇನ?" ಮಾದಾಪುರದ ಐಟಿ ಕಂಪನಿಗೆ ಕ್ಯಾಬ್ ಓಡಿಸುವ ಗಂಡನಿಗೆ ಅವಳು ಎಂದೂ ಎದುರಾಡಿದವಳಲ್ಲ. ಸೆರಗಿನಿಂದ ರಕ್ತ ಒತ್ತಿಕೊಂಡು ಚೊಂಬು ಎತ್ತಿಟ್ಟಳು.

ಔಷಧ ಕಂಪನಿಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ಪಿಂಕಿ ನಡುವೆ ಬಂದಳು. "ಅವ್ವಂದು ತಪ್ಪಿಲ್ಲಪ್ಪಾ. ಹೊರಗಿಂದ ಕೊಲೆಸ್ಟ್ರಾಲ್ ಕಡಿಮಿ ಬಂದ್ರ ಲಿವರಿನ ಜೀವಕೋಶಗಳು ಕಿಣ್ವ ಹೆಚ್ಚಿಸಿ ತಾವೇ ತಯಾರಿಸ್ತಾವ. ಅದನ್ನ ತಡಿಯಾಕ ಡಾಕ್ಟರ್ ಗುಳಿಗಿ ಕೊಟ್ಟಾರ, ನೀ ನುಂಗವಲ್ಲಿ."

"ನನಗ ಬುದ್ಧಿ ಹೇಳ್ತೀಯೇನ?" ಸೂಗಪ್ಪ ಮಗಳ ಜಡೆ ಹಿಡಿದೆಳೆದು ಕೈ ಎತ್ತಿದ.

ಶರಣಬಸಮ್ಮ ಲಟ್ಟಣಿಗೆ ತೆಗೆದು ಅವನ ಮಣಿಕಟ್ಟಿಗೆ ಬಾರಿಸಿದಳು. ಎಲುಬು ಲಟಕ್ಕೆಂದಿತು, ಅವನು ಚೀರುತ್ತ ಕುಸಿದ. "ಆಕಿ ಮೈ ಮುಟ್ಟಬ್ಯಾಡ," ಎಂದಳು. ಮದುವೆಯಾದಾಗಿನಿಂದ ಗಂಡನೊಡನೆ 'ರಿ' ಹಚ್ಚದೆ ಅವಳಾಡಿದ ಮೊದಲ ಮಾತು ಅದು.